ಪ್ರಾಣವಾಯುವೇ ಪೆಟ್ಟು ಕೊಡುವಾಗ

ಹೆಚ್ಚಿಟ್ಟ ಸೇಬಿನ ಹೋಳು ಸ್ವಲ್ಪ ಹೊತ್ತಿಗೇ ಕಂದು ಬಣ್ಣಕ್ಕೆ ತಿರುಗುತ್ತದೆ. ನಿಂಬೆರಸ ಸವರಿಟ್ಟರೆ ಅಷ್ಟು ಬೇಗ ಬಣ್ಣಗೆಡುವುದಿಲ್ಲ. ಗಾಳಿಯ ಆಮ್ಲಜನಕ ನಡೆಸುವ ದಾಳಿಯನ್ನು ನಿಂಬೆಯಲ್ಲಿರುವ ‘ಸಿ’ ವಿಟಮಿನ್ ತಡೆಯುವುದೂ ಇದಕ್ಕೊಂದು ಕಾರಣ. ಹೀಗೆ ತಡೆಯುವ ವಸ್ತುಗಳಿಗೆ ಆಂಟಿಆಕ್ಸಿಡೆಂಟ್ ಎಂದು ಹೆಸರು. ಹಾಗಾದರೆ ಆಪರೇಷನ್ನಿಗೆ ಸಿದ್ಧವಾದ ಹೃದಯವನ್ನೂ ಇಂಥ ಮಾತ್ರೆಗಳಿಂದ ಕಾಪಾಡಬಹುದಲ್ಲವೆ?

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಹೃದಯದ ಅನೇಕ ಶಸ್ತ್ರಚಿಕಿತ್ಸೆಗಳಲ್ಲಿ ಅದರ ಬಡಿತವನ್ನೇ ಕೆಲ ಹೊತ್ತು ನಿಲ್ಲಿಸುತ್ತಾರೆ. ಆಗ ಮೈಗೆಲ್ಲ ರಕ್ತ ಹರಿಸುವುದು ಹೃದಯ-ಶ್ವಾಸಕೋಶ ಯಂತ್ರ. ಅಮೆರಿಕದ ಡಾ. ಜಾನ್ ಗಿಬ್ಬನ್ 1953ರಲ್ಲಿ ಇದನ್ನು ಮೊದಲ ಬಾರಿಗೆ ಯಶಸ್ವಿಯಾಗಿ ಬಳಸಿದರು. ಆ ಹೊತ್ತಿನಲ್ಲಿ ಹೃದಯದ ಸ್ನಾಯುವಿಗೆ ಮಾತ್ರ ಮಾಮೂಲಿನಂತೆ ರಕ್ತ ಹರಿಯುವುದಿಲ್ಲ. ಪೊಟ್ಯಾಸಿಯಂ ಹೆಚ್ಚಿರುವ, ಸಾಮಾನ್ಯವಾಗಿ ತಂಪಾದ ದ್ರವ ಅದನ್ನು ಮಲಗಿಸಿರುತ್ತದೆ. ಕೆಲಸ ಮುಗಿದು ರಕ್ತವನ್ನು ಮತ್ತೆ ಬಿಟ್ಟಾಗ ಹಸಿದ ಜೀವಕೋಶಗಳಿಗೆ ಆಮ್ಲಜನಕ ಒಮ್ಮೆಲೇ ನುಗ್ಗುತ್ತದೆ. ‘ಫ್ರೀ ರ್‍ಯಾಡಿಕಲ್’ ಎಂಬ ಪುಂಡ ಕಣಗಳು ಹುಟ್ಟಿ ಕೋಶಗಳ ಪೊರೆಯನ್ನು ಕೆಡಿಸುತ್ತವೆ. ಬದುಕಿಸಬೇಕಾದ ಪ್ರಾಣವಾಯುವೇ ಪೆಟ್ಟು ಕೊಡುತ್ತದೆ! ಆಪರೇಷನ್ ನಂತರ ಅನೇಕರಲ್ಲಿ ಹೃದಯದ ಲಯ ತಪ್ಪುವುದಕ್ಕೆ ಇದೂ ಒಂದು ಕಾರಣವೆಂದು ತಜ್ಞರು ಭಾವಿಸುತ್ತಾರೆ.

ಚಿಲಿ ದೇಶದ ವೈದ್ಯರು ಇದನ್ನು ಪರೀಕ್ಷೆಗೆ ಹಚ್ಚಿದರು. ಆಪರೇಷನ್ನಿನ ಮುಂಚಿನಿಂದಲೇ 103 ರೋಗಿಗಳಿಗೆ ‘ಸಿ’ ಮತ್ತು ‘ಇ’ ವಿಟಮಿನ್ ಹಾಗೂ ಮೀನೆಣ್ಣೆಯ ಒಮೆಗಾ-3 ಕೊಬ್ಬು ಕೊಟ್ಟರು. ಇನ್ನು 100 ಮಂದಿಗೆ ಔಷಧವಿಲ್ಲದ ಹುಸಿಗುಳಿಗೆ. 2013ರಲ್ಲಿ ಬಂದ ಫಲಿತಾಂಶದ ಪ್ರಕಾರ ಹುಸಿಗುಳಿಗೆಯವರಲ್ಲಿ 32 ಮಂದಿಗೆ ಲಯ ತಪ್ಪಿತ್ತು, ಔಷಧ ಪಡೆದವರಲ್ಲಿ 10 ಮಂದಿಗೆ ಮಾತ್ರ.

ಇನ್ನೇನು ಬೇಕು ಎನ್ನಬೇಡಿ. ಮೀನೆಣ್ಣೆಯೊಂದನ್ನೇ 1,516 ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2012ರಲ್ಲೇ ಬಂದಿತ್ತು. ಅದರಲ್ಲಿ ಲಯ ತಪ್ಪಿದವರು ಮೀನೆಣ್ಣೆ ಪಡೆದವರಲ್ಲಿ ಶೇ. 30, ಪಡೆಯದವರಲ್ಲಿ ಶೇ. 30.7. ದೇಹದ ಸ್ವಂತ ಆಂಟಿಆಕ್ಸಿಡೆಂಟ್ ಕಿಣ್ವವೊಂದಕ್ಕೆ ಸೆಲೆನಿಯಂ ಧಾತು ಬೇಕೇ ಬೇಕು. ಜರ್ಮನಿ ಮತ್ತು ಕೆನಡಾಗಳಲ್ಲಿ ಸುಮಾರು 1,400 ಹೃದ್ರೋಗಿಗಳ ಮೇಲೆ ಅದನ್ನೂ ಪರೀಕ್ಷಿಸಿದರು. ಆಪರೇಷನ್ ವೇಳೆ ರಕ್ತನಾಳಕ್ಕೇ ಕೊಟ್ಟರೂ ಪ್ರಯೋಜನ ಕಾಣಲಿಲ್ಲವೆಂದು 2023ರ ವರದಿ ಹೇಳಿತು.

ಇದೇಕೆ ಹೀಗೆ? ಫ್ರೀ ರ್‍ಯಾಡಿಕಲ್‌ಗಳೆಲ್ಲ ಶತ್ರುಗಳಲ್ಲ. ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲುವುದು ಇವುಗಳ ನೆರವಿನಿಂದಲೇ. ಕೋಶಗಳ ನಡುವಿನ ಸಂದೇಶಕ್ಕೂ ಇವು ಬೇಕು. ಹೊರಗಿನಿಂದ ಸುರಿದ ವಿಟಮಿನ್ ಹಾನಿಕರ ಕಣಗಳನ್ನಷ್ಟೇ ಆರಿಸಿ ಹಿಡಿಯುವುದಿಲ್ಲ. ಅತಿಯಾದರೆ ಅಪಾಯವೂ ಉಂಟು. ಫಿನ್ಲೆಂಡಿನಲ್ಲಿ ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಿದ್ದು 1994ರಲ್ಲೇ ಬಯಲಾಯಿತು.

ಮನೆಯಲ್ಲಿ ಅಜ್ಜನಿಗೋ ಅಪ್ಪನಿಗೋ ಹೃದಯದ ಆಪರೇಷನ್ ಗೊತ್ತಾಗಿದ್ದರೆ, ‘ಬರೀ ವಿಟಮಿನ್ ತಾನೆ’ ಎಂದು ಅಂಗಡಿಯಿಂದ ತಂದು ಕೊಡಬೇಡಿ. ಹೆಚ್ಚು ಪ್ರಮಾಣದ ‘ಇ’ ವಿಟಮಿನ್ ರಕ್ತ ಹೆಪ್ಪುಗಟ್ಟುವುದನ್ನು ನಿಧಾನಿಸಬಹುದು. ನುಂಗುತ್ತಿರುವ ಪ್ರತಿಯೊಂದು ಮಾತ್ರೆ, ಲೇಹ್ಯ, ಪುಡಿಯನ್ನೂ ವೈದ್ಯರಿಗೆ ತಿಳಿಸಿ. ಬೀಡಿ-ಸಿಗರೇಟು ಬಿಡಿಸುವುದು, ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡುವುದು, ವೈದ್ಯರು ಬರೆದ ಔಷಧವನ್ನು ತಪ್ಪಿಸದಿರುವುದು ಹೆಚ್ಚು ನಂಬಬಹುದಾದ ರಕ್ಷಣೆ. ನೆಲ್ಲಿಕಾಯಿ, ಸೀಬೆಹಣ್ಣುಗಳು ವೈದ್ಯರು ಹೇಳಿದ ಪಥ್ಯಕ್ಕೆ ಹೊಂದಿಕೊಂಡು ಊಟದ ಭಾಗವಾಗಿ ಇರಲಿ.

ವಿದ್ಯಾರ್ಥಿಗಳು ಇದರಿಂದ ಕಲಿಯಬೇಕಾದದ್ದೂ ಇದೆ. ಔಷಧದ ಹೊಗಳಿಕೆ ಕೇಳಿದಾಗ, ಅದನ್ನು ಎಷ್ಟು ಜನರಿಗೆ ಕೊಟ್ಟು ನೋಡಿದರು, ಯಾರೊಂದಿಗೆ ಹೋಲಿಸಿದರು ಎಂದು ಕೇಳಿ. ಸುಧಾರಿಸಿದ್ದು ರಕ್ತಪರೀಕ್ಷೆಯ ಅಂಕಿಯೋ ಅಥವಾ ರೋಗಿಯೋ ಎಂಬುದನ್ನೂ ಕೇಳಲು ಮರೆಯಬೇಡಿ.