ಕೆರೆ ಉಳಿದರೆ ಹೊಳೆ ಉಳಿದೀತು



ಅಷ್ಟಾವರಣಗಳಲ್ಲಿ ಪಾದೋದಕವೂ ಒಂದು. ನೀರಿಗೆ ಇಂತಹ ಸ್ಥಾನವಿತ್ತ ಧರ್ಮದಲ್ಲಿ ಹುಟ್ಟಿ, ಊರ ಕೆರೆಯನ್ನು ಅಲಕ್ಷಿಸುವುದು ಭಕ್ತನಿಗೆ ಭೂಷಣವಲ್ಲ.

ಶಿಕಾರಿಪುರ, ಸೊರಬ ಸೀಮೆಯ ನೀರು ಕೊನೆಗೆ ಸೇರುವುದು ತುಂಗಭದ್ರೆಯನ್ನು. ಹುಂಚದ ಬಳಿ ಹುಟ್ಟುವ ಕುಮುದ್ವತಿಯು ಅಂಜನಾಪುರ ಜಲಾಶಯವನ್ನು ತುಂಬಿ, ಮಾಸೂರಿನ ಕಡೆಗೆ ಹರಿದು ಮುಂದೆ ತುಂಗಭದ್ರೆಯನ್ನು ಕೂಡುತ್ತಾಳೆ. ಇಕ್ಕೇರಿ ಸಮೀಪದ ವರದಾಮೂಲದಿಂದ ಬರುವ ವರದೆ ಬನವಾಸಿಯನ್ನು ಬಳಸಿ ಹರಿಯುತ್ತಾಳೆ. ಸೊರಬದ ದಂಡಾವತಿಯನ್ನೂ ಕೂಡಿಸಿಕೊಂಡು ಗಳಗನಾಥದಲ್ಲಿ ಸಂಗಮವಾಗುತ್ತಾಳೆ. ಆ ನೀರೇ ಹೊಸಪೇಟೆಯ ಅಣೆಕಟ್ಟಿನಲ್ಲಿ ನಿಂತು ಬಳ್ಳಾರಿ, ಕೊಪ್ಪಳ, ರಾಯಚೂರಿನ ಬಯಲುಸೀಮೆಗೆ ಅನ್ನವಾಗುತ್ತದೆ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಆ ಜಲಾಶಯ ಹೂಳು ತುಂಬಿ ಇಂದು ಸುಮಾರು 105 ಟಿಎಂಸಿಗೆ ಇಳಿದಿದೆ. ಆ ಹೂಳಿನಲ್ಲಿ ನಮ್ಮ ಹೊಲಗಳ ಮಣ್ಣೂ ಇದೆ.

ಹಿರಿಯರು ಇದನ್ನು ಅರಿತಿದ್ದರು. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಹರಿಯುವಂತೆ ಸರಣಿಯಾಗಿ ಕಟ್ಟಿದರು. ಮಣ್ಣು ಕೆರೆಯಲ್ಲಿ ನಿಂತು, ತಿಳಿನೀರು ಹೊಳೆಗೆ ಹೋಗುತ್ತಿತ್ತು. ತಾಳಗುಂದದ ಐದನೆಯ ಶತಮಾನದ ಸ್ತಂಭಶಾಸನವು ಕದಂಬರ ಕಾಕುಸ್ಥವರ್ಮ ಶಿವಾಲಯದ ಬಳಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಗುಡಿಯ ಮಗ್ಗುಲಲ್ಲಿ ಕೆರೆ ಇರಬೇಕೆಂಬುದು ಈ ನೆಲದ ಹಳೆಯ ಸಂಸ್ಕಾರ.

ಇಂದು ತುಂಗಭದ್ರೆಯ ನೀರನ್ನು ಏತದಿಂದ ಎತ್ತಿ ಶಿಕಾರಿಪುರದ ಕೆರೆಗಳಿಗೆ ತುಂಬಿಸುವ ಯೋಜನೆ ಬಂದಿದೆ. ಒಳ್ಳೆಯದೇ. ಆದರೆ ತಾನಾಗಿ ಹರಿದು ಬರುತ್ತಿದ್ದ ಮಳೆನೀರಿನ ಕಾಲುವೆಯನ್ನು ಮುಚ್ಚಿ, ಕೆಳಗೆ ಹೋದ ನೀರನ್ನು ವಿದ್ಯುತ್ತಿನಿಂದ ಮೇಲೆತ್ತುವುದು ಯಾವ ಜಾಣತನ? ಹೂಳು ತುಂಬಿದ ಕೆರೆಯಲ್ಲಿ ಕೊಳವೆಯ ನೀರಾದರೂ ಎಲ್ಲಿ ನಿಂತೀತು?

ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸುವುದನ್ನೇ ಶಿವಕಾರ್ಯವೆಂದು ನಂಬಿದ್ದರು. ಅಲ್ಲಿಗೆ ಬಂದ ನಮ್ಮ ಬಳ್ಳಿಗಾವಿಯ ಅಲ್ಲಮಪ್ರಭುಗಳು ಬಿಡಿಸಿದ್ದು ಕಾಯಕವನ್ನಲ್ಲ, ‘ನಾನು ಮಾಡಿದೆ’ ಎಂಬ ಅಹಂಕಾರವನ್ನು. ಇಂದು ನಮಗೆ ಅಂಟಿರುವುದು ಅದಕ್ಕಿಂತ ಕೀಳಾದ ‘ಇದು ನನ್ನದು’ ಎಂಬ ಆಸೆ. ಕೆರೆಯಂಗಳ ಒತ್ತಿ ಅಡಿಕೆ, ಜೋಳ ಹಾಕಿದವರಲ್ಲಿ ವಿಭೂತಿ ಧರಿಸಿದವರೂ ಇದ್ದಾರೆ. ಊರಿನ ನೀರನ್ನು ಕಿತ್ತು ಬೆಳೆದ ಫಸಲನ್ನು ದಾಸೋಹಕ್ಕೆ ತಂದರೆ ಅದು ಪ್ರಸಾದವಾಗುವುದು ಹೇಗೆ?

ಊರ ಹಿರಿಯರಿಗೆ ನಮ್ಮ ಮಾತಿಷ್ಟೇ. ಮುಂಗಾರಿಗೆ ಮೊದಲು ಮನೆಗೊಬ್ಬರಂತೆ ಸೇರಿ ಕಾಲುವೆ ಬಿಡಿಸಿರಿ. ಗೋಡುಮಣ್ಣನ್ನು ಹೊಲಕ್ಕೆ ಹೊಡೆಯಿರಿ. ಕೆರೆಯ ಎಲ್ಲೆಯನ್ನು ಅಳೆಸಿ ಕಲ್ಲು ನೆಡಿಸಿರಿ. ಒತ್ತಿದವನು ಬಂಧುವಾದರೂ ಬಿಡಿಸಿರಿ. ಕೆಳಗಿನ ಊರಿನ ಹೊಲವೂ ಶಿವನ ಹೊಲವೇ ಎಂದು ತಿಳಿದವನೇ ಭಕ್ತ.

ಸರ್ವರಿಗೂ ಸನ್ಮಂಗಳವಾಗಲಿ.