ಹಿಂದಿನಿಂದ ತಳ್ಳುವ ವಿಮಾನ

ಕಾಚಿಗೂಡದಲ್ಲಿ ರಾಯಚೂರಿನ ರೈಲು ಹತ್ತುವ ನಮ್ಮಂಥವರಿಗೆಂದೇ ಬೆಂಗಳೂರಿನಲ್ಲೊಂದು ವಿಮಾನ ಹುಟ್ಟಿತ್ತು: ಎನ್‌ಎಎಲ್ ಪ್ರಯೋಗಾಲಯದ 14 ಸೀಟಿನ ‘ಸರಸ್’. ಸಣ್ಣ ಊರುಗಳ ನಡುವೆ ಹಾರಲಿ ಎಂಬ ಆಸೆ. ರೂಪವೇ ಬೇರೆ. ಪ್ರೊಪೆಲ್ಲರ್‌ಗಳು ರೆಕ್ಕೆಯ ಮುಂದಿಲ್ಲ, ಬಾಲದ ಹತ್ತಿರ ಇವೆ. ವಿಮಾನವನ್ನು ಎಳೆಯುವ ಬದಲು ತಳ್ಳುತ್ತವೆ. ಹೀಗಾದರೆ ಸದ್ದು ಪ್ರಯಾಣಿಕರ ಹಿಂದೆ ಉಳಿಯುತ್ತದೆ, ರೆಕ್ಕೆಯ ಮೇಲಿನ ಗಾಳಿಯೂ ಕದಡುವುದಿಲ್ಲ.

2004ರ ಮೇ 29ರಂದು ಮೊದಲ ಹಾರಾಟ. ಆದರೆ ತೂಕ ಲೆಕ್ಕ ಮೀರಿತ್ತು. 2009ರ ಮಾರ್ಚ್ 6ರಂದು ಎರಡನೇ ಮಾದರಿ ಬಿಡದಿ ಬಳಿ ಬಿದ್ದು ವಾಯುಪಡೆಯ ಮೂವರು ತೀರಿಕೊಂಡರು. ಕೆಲಸ ವರ್ಷಗಟ್ಟಲೆ ನಿಂತಿತು. 2018ರ ಜನವರಿಯಲ್ಲಿ ತಿದ್ದಿದ ಮಾದರಿ ಮತ್ತೆ ಹಾರಿತು. ಟಿಕೆಟ್ ಕೊಂಡು ಹತ್ತಿದವರು ಮಾತ್ರ ಯಾರೂ ಇಲ್ಲ.

ವಿಚಿತ್ರ ರೂಪವೇ ಮುಳುವಾಯಿತು ಎಂದರೆ ನಾನು ಒಪ್ಪುವುದಿಲ್ಲ. ಹೀಗೇ ತಳ್ಳಿಸಿಕೊಂಡು ಹಾರುವ ಅಮೆರಿಕದ ಬೀಚ್ ಸ್ಟಾರ್‌ಶಿಪ್ 53ಕ್ಕೇ ನಿಂತಿತು, ನಿಜ. ಇಟಲಿಯ ಪಿಯಾಜಿಯೊ ಅವಂತಿ 200 ದಾಟಿದೆಯಲ್ಲ! ಸರಸ್‌ನ ಕಾಲು ಹಿಡಿದದ್ದು ತೂಕ, ಆಮೇಲೆ ಆ ನಿಂತುಹೋದ ವರ್ಷಗಳು. ಬಿಡದಿಯಲ್ಲಿ ಆ ಮೂವರು ಮಾಡುತ್ತಿದ್ದುದು ಹಾರಾಟದ ನಡುವೆ ಒಂದು ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆ. ಪ್ರೊಪೆಲ್ಲರ್ ಮುಂದಿರುವ ವಿಮಾನಗಳಿಗೂ ಆ ಪರೀಕ್ಷೆ ತಪ್ಪಿದ್ದಲ್ಲ.