ತಂತ್ರಾಂಶ ಬರೆಸುವ ಮುನ್ನ ಕೇಳಬೇಕಾದ ಒಂದು ಪ್ರಶ್ನೆ

ಬಿಲ್ಲಿಂಗ್, ದಾಸ್ತಾನು ಹಾಗೂ ಸಂಬಳದ ಲೆಕ್ಕಗಳಿಗೆ ತಮ್ಮದೇ ತಂತ್ರಾಂಶ ಬರೆಸಿಕೊಳ್ಳುವ ಸಣ್ಣ ಉದ್ದಿಮೆದಾರರು ನಮ್ಮಲ್ಲಿ ಅನೇಕರಿದ್ದಾರೆ. ಆಗ ಬೆಲೆ ಮತ್ತು ಅವಧಿಯ ಬಗ್ಗೆ ಸಾಕಷ್ಟು ಚೌಕಾಸಿ ನಡೆಯುತ್ತದೆ. ಆದರೆ ಆ ತಂತ್ರಾಂಶವು ಡೇಟಾಬೇಸ್‌ನೊಡನೆ ಯಾವ ಪ್ರೊವೈಡರ್ ಲೈಬ್ರರಿಯ ಮೂಲಕ ವ್ಯವಹರಿಸುತ್ತದೆ ಎಂದು ಕೇಳುವವರು ವಿರಳ. ಈ ಆಯ್ಕೆಯನ್ನು ಸಂಪೂರ್ಣವಾಗಿ ಪ್ರೋಗ್ರಾಮರರಿಗೇ ಬಿಡುವುದು ವ್ಯಾಪಾರ ದೃಷ್ಟಿಯಿಂದ ಉಚಿತವಲ್ಲ.

ಪ್ರೊವೈಡರ್ ಎಂದರೆ ತಂತ್ರಾಂಶದ ಬೇಡಿಕೆಯನ್ನು ಡೇಟಾಬೇಸ್‌ಗೆ ಒಯ್ದು ಉತ್ತರವನ್ನು ಮರಳಿ ತರುವ ಮಧ್ಯವರ್ತಿ. ಮಧ್ಯವರ್ತಿ ಕೈಬಿಟ್ಟರೆ ಸರಕು ಗೋದಾಮಿನಲ್ಲಿದ್ದೂ ಇಲ್ಲದಂತೆಯೇ ಸರಿ.

ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ. 1992ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಓಡಿಬಿಸಿ ಎಲ್ಲ ಡೇಟಾಬೇಸ್‌ಗಳಿಗೂ ಒಂದೇ ಸಾಮಾನ್ಯ ಮಾರ್ಗ; ಡ್ರೈವರ್ ಬದಲಿಸಿ ಬೇರೆ ಡೇಟಾಬೇಸ್‌ಗೆ ಹೋಗುವುದು ಇದರಲ್ಲಿ ಸುಲಭ. 2002ರಲ್ಲಿ ಬಂದ ಎಡಿಒ ಡಾಟ್‌ನೆಟ್ ಪದ್ಧತಿಯಲ್ಲಿ ಪ್ರತಿ ಡೇಟಾಬೇಸ್‌ಗೂ ಪ್ರತ್ಯೇಕ ಪ್ರೊವೈಡರ್ ಇರುತ್ತದೆ. ಇದು ಸಾಮಾನ್ಯವಾಗಿ ವೇಗವಾದುದು, ಆದರೆ ಎಚ್ಚರವಿಲ್ಲದೆ ಬರೆದರೆ ಒಂದೇ ಡೇಟಾಬೇಸ್‌ಗೆ ಕಟ್ಟಿಹಾಕುತ್ತದೆ. ಪ್ರೋಗ್ರಾಮರರು ಹೆಚ್ಚಾಗಿ ವೇಗವನ್ನೇ ಮುಂದಿಡುತ್ತಾರೆ. ಹತ್ತು ಗಣಕಯಂತ್ರಗಳ ಕಾರ್ಖಾನೆಯಲ್ಲಿ ಆ ವ್ಯತ್ಯಾಸ ಅನುಭವಕ್ಕೆ ಬರುವುದೇ ಅಪರೂಪ. ನಮಗೆ ಮುಖ್ಯವಾದುದು ಬಾಳಿಕೆ.

ಬಾಳಿಕೆಯ ಪ್ರಶ್ನೆ ಕಾಲ್ಪನಿಕವಲ್ಲ. ಆಕ್ಸೆಸ್ ಕಡತಗಳಿಗೆ ಬಳಸುತ್ತಿದ್ದ ಜೆಟ್ 4.0 ಪ್ರೊವೈಡರ್‌ಗೆ 64 ಬಿಟ್ ಆವೃತ್ತಿಯೇ ಬರಲಿಲ್ಲ; ಅದನ್ನು ನಂಬಿದ ತಂತ್ರಾಂಶ 32 ಬಿಟ್‌ನಲ್ಲೇ ಉಳಿಯಬೇಕು, ಇಲ್ಲವೇ ಬೇರೆ ಪ್ರೊವೈಡರ್‌ಗೆ ಹೊಂದಿಸಿಕೊಳ್ಳಬೇಕು. ಒರಾಕಲ್‌ಗಾಗಿ ಮೈಕ್ರೋಸಾಫ್ಟ್ ನೀಡಿದ್ದ ಪ್ರೊವೈಡರನ್ನು 2010ರ ಡಾಟ್‌ನೆಟ್ 4ರ ವೇಳೆಗೆ ಬಳಕೆಯಿಂದ ಕೈಬಿಡಬೇಕಾದುದೆಂದು ಗುರುತಿಸಲಾಯಿತು. ಒರಾಕಲ್ ಸಂಸ್ಥೆಯದೇ ಪ್ರೊವೈಡರ್ ಆರಿಸಿಕೊಂಡವರಿಗೆ ಈ ತೊಂದರೆ ತಟ್ಟಲಿಲ್ಲ. ಎಸ್‌ಕ್ಯುಎಲ್ ಸರ್ವರ್‌ನ ಹೊಸ ಪ್ರೊವೈಡರ್ 2021ರ 4.0 ಆವೃತ್ತಿಯಿಂದ ಗೂಢಲಿಪೀಕರಣವನ್ನು ತಾನಾಗಿಯೇ ಅಪೇಕ್ಷಿಸುತ್ತದೆ. ಸರ್ವರ್‌ನಲ್ಲಿ ನಂಬಲರ್ಹ ಪ್ರಮಾಣಪತ್ರವಿಲ್ಲದಿದ್ದರೆ, ಕೇವಲ ಆವೃತ್ತಿ ಬದಲಿಸಿದ ದಿನವೇ ಸಂಪರ್ಕ ಕಡಿಯಬಹುದು.

ಪರವಾನಗಿಯನ್ನೂ ನೋಡಬೇಕು. ಮೈಎಸ್‌ಕ್ಯುಎಲ್‌ಗೆ ಒರಾಕಲ್ ನೀಡುವ ಉಚಿತ ಪ್ರೊವೈಡರ್ ಜಿಪಿಎಲ್ ಷರತ್ತಿಗೆ ಒಳಪಟ್ಟಿದೆ. ಮೈಎಸ್‌ಕ್ಯುಎಲ್‌ಕನೆಕ್ಟರ್ ಎಂಬ ಇನ್ನೊಂದು ಪ್ರೊವೈಡರ್ ಸಡಿಲವಾದ ಎಂಐಟಿ ಪರವಾನಗಿಯದು. ಬರೆಸಿದ ತಂತ್ರಾಂಶವನ್ನು ಮುಂದೆ ಇತರರಿಗೂ ಮಾರುವ ಆಲೋಚನೆಯಿದ್ದರೆ ಈ ವ್ಯತ್ಯಾಸ ಗಣನೀಯ.

ಆದ್ದರಿಂದ ಸದಸ್ಯ ಬಾಂಧವರು ಖರೀದಿ ಆದೇಶದಲ್ಲಿಯೇ ಮೂರು ಷರತ್ತುಗಳನ್ನು ಸೇರಿಸುವುದು ಸೂಕ್ತ. ಪ್ರೊವೈಡರ್‌ನ ಹೆಸರು, ಆವೃತ್ತಿ ಮತ್ತು ಪರವಾನಗಿ ಲಿಖಿತವಾಗಿರಬೇಕು. ಅದು ತಯಾರಕರ ಅಥವಾ ಸಕ್ರಿಯ ನಿರ್ವಾಹಕರ ಬೆಂಬಲವುಳ್ಳದ್ದಾಗಿರಬೇಕು. ಡೇಟಾಬೇಸ್ ಸಂಪರ್ಕದ ಭಾಗವನ್ನು ಒಂದೆಡೆ ಪ್ರತ್ಯೇಕವಾಗಿ ಬರೆದು, ಅದರ ಮೂಲ ಸಂಕೇತವನ್ನು ನಮಗೆ ಒಪ್ಪಿಸಬೇಕು.

2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗ ತಂತ್ರಾಂಶಗಳನ್ನು ತಿದ್ದಿಸಲೇಬೇಕಾಯಿತು. ಅಂತಹ ಸಂದರ್ಭಗಳು ಮತ್ತೆಯೂ ಬರುತ್ತವೆ. ಅಂದು ಬರೆದುಕೊಟ್ಟವರು ಸಿಗದಿದ್ದರೂ ಬೇರೊಬ್ಬರಿಂದ ಕೆಲಸ ಮುಂದುವರಿಸಲು ಈ ಷರತ್ತುಗಳೇ ಆಧಾರವಾಗುತ್ತವೆ.